ತಡ ಮಾಡುವ ಮನೆ

“ನನಗ ಒಂದ ಮನಿ ಸಂಬಾಳ್ಸೂದ ಸಾಕಾಗೇತಿ, ಸರಕಾರಕ್ಕ ಎರಡು ಮನಿ ಯಾಕ ಬೇಕೋ ತಮ್ಮಾ? ಕೆಳಮನಿಯವರನ್ನ ಊರ ಮಂದಿ ಆರಿಸ್ತಾರ, ಅದು ತಿಳೀತು. ಮೇಲ್ಮನಿಗೆ ಒಂದಿಷ್ಟು ಮಂದೀನ್ನ ನಮ್ಮಂಥ ಮೆಂಬರು, ಒಂದಿಷ್ಟು ಮಂದೀನ್ನ ಸಾಲಿ ಮಾಸ್ತರು, ಒಂದಿಷ್ಟು ಮಂದೀನ್ನ ಡಿಗ್ರಿ ಆದವರು ಆರಿಸ್ತಾರ ಅಂತಿ. ಆತು. ಕೆಳಗ ಮಾಡಿದ ಕಾಯ್ದೆ ಮ್ಯಾಲ ಹೋಗತೈತಿ. ಅವರು ಬ್ಯಾಡ ಅಂದ್ರ ತಿರುಗಿ ಕೆಳಗ ಬರತೈತಿ. ಕೆಳಗಿನವರು ಬೇಕ ಬೇಕು ಅಂದ್ರ ಕಡೀಕ ಅದ ಆಗತೈತಿ. ಹಂಗಾರ ಮ್ಯಾಲಿನವರು ಬ್ಯಾಡ ಅಂದು ಮಾಡಿದ್ದೇನು? ಅತ್ತಿ ಬ್ಯಾಡ ಅಂದ್ರೂ ಸೊಸಿ ಮಾಡೂದ ಮಾಡ್ತಾಳ, ಒಂದೀಟು ತಡಾ ಮಾಡಿ ಮಾಡ್ತಾಳ. ತಡಾ ಮಾಡಾಕ ಒಂದು ಮನಿ ಕಟ್ಟಬೇಕೇನು?”

ಕಾಡವ್ವ ಹೀಗೆ ಕೇಳಿದ್ದು ಪಂಚಾಯ್ತಿ ಕಾರಕೂನ ಉಮೇಶನನ್ನು. ಮೂಡಲಗಿ ಕಡೆಯ ಸಣ್ಣ ಊರಿನ ಹೊಲಗೆಲಸದವಳು ಅವಳು. ಮೀಸಲು ಜಾಗದಿಂದ ಮೆಂಬರಾಗಿ ಒಂದು ವರ್ಷವಾಗಿತ್ತು. ಈಗ ಮೇಲ್ಮನೆಯ, ಅಂದರೆ ವಿಧಾನ ಪರಿಷತ್ತಿನ, ಚುನಾವಣೆ ಬಂದಿತ್ತು. ಮತಪತ್ರದಲ್ಲಿ ಅಂಕಿ ಹೇಗೆ ಬರೆಯಬೇಕೆಂದು ಉಮೇಶ ತಿಳಿಸಿ ಹೇಳುತ್ತಿದ್ದ.

“ಅವಸರಲೆ ಮಾಡಿದ್ದನ್ನ ಬ್ಯಾರೆ ಮಂದಿ ಇನ್ನೊಮ್ಮೆ ನೋಡ್ಲಿ ಅಂತಬೇ,” ಎಂದ ಅವನು.

“ಬ್ಯಾರೆ ಮಂದಿಗೆ ಬ್ಯಾರೆ ಕಣ್ಣು ಇರ್ತಾವೇನು?”

“ಯವ್ವಾ, ವೋಟ ಹಾಕು ಸಾಕು. ನನ್ನ ತಲಿ ತಿನಬ್ಯಾಡ.”

ಅವನ ತಲೆಗಿಂತ ಅವಳ ತಲೆಯೇ ಹೆಚ್ಚು ಕೆಟ್ಟಿತ್ತು. ಹದಿನೈದು ದಿನದ ಹಿಂದೆ ಪಂಚಾಯ್ತಿ ಸಭೆಯಲ್ಲಿ ಅಧ್ಯಕ್ಷ ರಾವಸಾಹೇಬರು, ಬಸ್ ನಿಲ್ದಾಣದ ಬಾಜೂ ಇರುವ ದನದ ನೀರಿನ ತೊಟ್ಟಿ ಒಡೆದು ಮಳಿಗೆ ಕಟ್ಟೋಣ ಎಂದಿದ್ದರು. ಒಂದು ಮಳಿಗೆ ಕಾಡವ್ವನ ಓಣಿಗೆ. ಅದರಲ್ಲಿ ಮಗಳು ನಂದಿನಿ ಹೊಲಿಗೆ ಮಷೀನು ಇಟ್ಟಾಳು ಎಂಬ ಆಸೆ. ಚಹಾ ಬರುವುದರೊಳಗೆ ಎಲ್ಲರ ಕೈಗಳು ಮೇಲೆ ಹೋದವು, ಅವಳದೂ ಹೋಯಿತು.

ಆಮೇಲೆ ಅದೇ ಮಾತು ಊರೆಲ್ಲ ಕೂಡುವ ಗ್ರಾಮಸಭೆಗೆ ಬಂತು. ಮೆಂಬರುಗಳಿಗೆ ಕುರ್ಚಿ, ಊರವರಿಗೆ ಜಮಖಾನೆ. ಕುರ್ಚಿ ಸಾಲದೆ ಕಾಡವ್ವ ತನ್ನ ಓಣಿಯ ಹೆಂಗಸರ ನಡುವೆ ಕೆಳಗೇ ಕೂತಳು. ಪಕ್ಕದಲ್ಲಿ ಕೆಂಚವ್ವ. ಗಂಡನಿಲ್ಲ, ಒಂದು ಎಮ್ಮೆಯ ಮೇಲೆಯೇ ಮನೆ ನಡೆಯಬೇಕು.

“ಬಾವಿ ಇದ್ದವರಿಗೆ ಏನು ಚಿಂತಿ?” ಎಂದು ಕೆಂಚವ್ವ ಗೊಣಗಿದಳು. “ನನ್ನ ಎಮ್ಮಿ ನಾಳೆ ಚಾದ ಅಂಗಡ್ಯಾಗ ಕುಂತು ನೀರು ಕುಡೀತೈತೇನು?”

ಬೇಡ ಎನ್ನುವವರು ಕೈ ಎತ್ತಿ ಎಂದಾಗ ಓಣಿಯ ಕೈಗಳೆಲ್ಲ ಎದ್ದವು. ನೋಡಿದರೆ ಅವುಗಳಲ್ಲಿ ತನ್ನದೂ ಇದೆ!

ಕುರ್ಚಿಯ ಮೇಲಿದ್ದ ಮೆಂಬರು ರಾಯಪ್ಪ ಬಿದ್ದು ಬಿದ್ದು ನಕ್ಕ. “ಏನಬೇ ಕಾಡವ್ವಾ, ಅಲ್ಲೊಂದು ನಾಲಿಗಿ, ಇಲ್ಲೊಂದು ನಾಲಿಗಿ?”

“ನಾಲಿಗಿ ಒಂದ ಐತೋ. ಅಲ್ಲಿ ಕುಂತಾಗ ನೀವಷ್ಟ ಕಾಣ್ತಿದ್ರಿ,” ಎಂದಳು. ಎಂದಮೇಲೆ, ತಾನು ಹೇಳಿದ್ದು ಸರಿಯೋ ತಪ್ಪೋ ಅವಳಿಗೇ ತಿಳಿಯಲಿಲ್ಲ.

ಬೇಡ ಎಂದವರೇ ಹೆಚ್ಚಾಗಿ, ಮಳಿಗೆಯ ಠರಾವು ತಿರುಗಿ ಪಂಚಾಯ್ತಿಗೆ ಬಂತು. ಮುಂದಿನ ಸಭೆಯಲ್ಲಿ ಮತ್ತೆ ಕೈ ಎತ್ತಬೇಕು. ಯಾವ ಕೈ? ರಾತ್ರಿ ಊಟಕ್ಕೆ ಕೂತಾಗ ನಂದಿನಿ ಮುಖ ತಿರುಗಿಸಿ ಅಂದಳು: “ಊರ ಎಮ್ಮಿಗೆ ನೀರು ಕುಡಿಸಿದಿ. ನನ್ನ ಮಷೀನು ಎಲ್ಲಿಡ್ಲಿ, ನಿನ್ನ ತಲಿ ಮ್ಯಾಲ?”

ಪರಿಷತ್ತಿಗೆ ಮತ ಹಾಕಿ ಬರುವಾಗ ತೊಟ್ಟಿಯ ಹಿಂದೆ ರಾಯಪ್ಪ ಅಳತೆ ಟೇಪು ಹಿಡಿದು ಬಗ್ಗಿದ್ದ. ಅವಳನ್ನು ಕಂಡು ನಾಚಿದ.

“ಮಳಗಿ ಸಾಲು ಹಿಂದಕ್ಕ ಸರಿಸಿದ್ರ ತೊಟ್ಟೀನೂ ಉಳೀತೈತಿ, ಮಳಗೀನೂ ಆಗ್ತಾವ. ಅವತ್ತ ಯಾರಿಗೂ ಹೊಳೀಲಿಲ್ಲ ನೋಡು. ಆದ್ರ ಒಂದು ಮಳಗಿ ಕಮ್ಮಿ ಬೀಳತೈತಿ.”

“ಯಾರದು?”

“ಅದು ಸಭಾದಾಗ ನೋಡೂದು,” ಎಂದು ಟೇಪು ಸುತ್ತಿಕೊಂಡು ಹೋದ.

ತಡವಾಗಿದ್ದಕ್ಕೆ ತೊಟ್ಟಿಗೊಂದು ದಾರಿ ಸಿಕ್ಕಿತು, ಖರೆ. ಅದೇ ತಡದಲ್ಲಿ ನಂದಿನಿಯ ಮಳಿಗೆ ಹೋಗಬಹುದು, ಅದೂ ಖರೆ. ಉಮೇಶ ಹೇಳಿದ ಮೇಲ್ಮನೆಯಲ್ಲೂ ಹೀಗೆಯೇ ಏನು? ಎಷ್ಟು ಯೋಚಿಸಿದರೂ ಅವಳಿಗೆ ಬಗೆಹರಿಯಲಿಲ್ಲ.

ಅಷ್ಟರಲ್ಲಿ ಕೆಂಚವ್ವನ ಎಮ್ಮೆ ಬಂದು ನೀರು ಮೂಸಿ ಮುಖ ತಿರುಗಿಸಿತು. ಹೇಗೂ ಒಡೆಯುವುದೆಂದು ನೀರಗಂಟಿ ತೊಟ್ಟಿ ತೊಳೆಯುವುದನ್ನೇ ಬಿಟ್ಟಿದ್ದ. ಕಾಡವ್ವ ಸೆರಗು ಸಿಕ್ಕಿಸಿ, ತಳದ ತೂತಿಗೆ ತುರುಕಿದ್ದ ಬಟ್ಟೆ ತುಂಡು ಕಿತ್ತು ಹಳೆ ನೀರು ಹೊರಗೆ ಬಿಟ್ಟಳು. ತೆಂಗಿನ ನಾರು ಹಿಡಿದು ಪಾಚಿ ತಿಕ್ಕತೊಡಗಿದಳು.