ಎಲ್ಲರ ಮಾತನ್ನೂ ತಾವೇ ಮುಗಿಸುತ್ತಿದ್ದವರು

೧೯೯೮ರಲ್ಲಿ ನಾನು ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಮನಶ್ಶಾಸ್ತ್ರಜ್ಞೆಯಾಗಿದ್ದೆ. ಕೆಳಗಿನ ಕೋಣೆಯಲ್ಲಿ ಹಿರಿಯ ಡಾಕ್ಟರು ಮನೋವಿಶ್ಲೇಷಣೆ ನಡೆಸುತ್ತಿದ್ದರು. ರೋಗಿ ಮಂಚದ ಮೇಲೆ ಮಲಗಿ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಬೇಕು, ಡಾಕ್ಟರು ಅವನ ತಲೆಯ ಹಿಂದೆ ಕುಳಿತು ಕೇಳಬೇಕು. ಮಹಡಿಯ ಮೇಲೆ ನನ್ನ ಗ್ರೂಪ್ ಥೆರಪಿ. ವಾರಕ್ಕೊಮ್ಮೆ ಏಳು ಜನ ಸುತ್ತ ಕುಳಿತು ಒಬ್ಬರೊಡನೊಬ್ಬರು ಮಾತಾಡುವುದು. "ಕೆಳಗೆ ನಡೆಯೋದು ಸಂಗೀತ ಕಚೇರಿ, ಮೇಲೆ ನಡೆಯೋದು ಭಜನೆ ಕಣಮ್ಮ" ಎಂದು ಡಾಕ್ಟರು ನನ್ನನ್ನು ಛೇಡಿಸುತ್ತಿದ್ದರು.

ಸೀರೆ ಅಂಗಡಿಯ ಚಂದ್ರಶೇಖರಯ್ಯನವರು ಎರಡು ವರ್ಷ ಆ ಮಂಚದ ಮೇಲೆ ಮಲಗಿ ಅತ್ತಿದ್ದರು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದರು. "ಯಾಕೆ ಅಂತ ಒಂದು ಮಾತೂ ಹೇಳ್ದೆ ಹೊರಟೋದ್ಲು" ಎಂಬುದೇ ಅವರ ಪಲ್ಲವಿ. ಆಕೆ ಮರಳಿ ಬರಬೇಕು, ಅವರಿಗೆ ಬೇಕಾಗಿದ್ದು ಅಷ್ಟೇ. ಕೊನೆಗೆ ಡಾಕ್ಟರೇ ಬೇಸತ್ತರು. "ಇವರು ಹೇಳೋದನ್ನ ಕೇಳಿದ್ದಾಯ್ತು. ಜನರ ಜೊತೆ ಹೇಗಿರ್ತಾರೆ, ನೀನು ನೋಡು" ಎಂದು ಮಹಡಿಗೆ ಕಳಿಸಿದರು.

ನನ್ನ ಗುಂಪಿನಲ್ಲಿ ಶ್ರೀನಿಧಿ ಎಂಬ ಯುವಕನಿದ್ದ. ಕಾಲೇಜಿನಲ್ಲಿ ಅಧ್ಯಾಪಕ, ಮಾತು ತೊದಲುತ್ತಿತ್ತು. ಅವನು ಮುಗಿಸುವ ತನಕ ಉಳಿದವರು ಸುಮ್ಮನೆ ಕಾಯಬೇಕು, ಅವನಿಗೆ ಅದೇ ಔಷಧ. ಕೆಲವು ತಿಂಗಳಲ್ಲಿ ಪೂರ್ತಿ ವಾಕ್ಯಗಳನ್ನೇ ಆಡತೊಡಗಿದ್ದ. ಚಂದ್ರಶೇಖರಯ್ಯನವರೋ ವರ್ಷಗಟ್ಟಲೆ ಗಲ್ಲಾದ ಮುಂದೆ ಕುಳಿತವರು. ಗಿರಾಕಿ ಬಾಯಿ ತೆರೆಯುವುದರೊಳಗೆ ಅವಳ ಮಾತು ಮುಗಿಸಿ ಸೀರೆ ಬಿಚ್ಚಿ ಹಾಸುವುದು ಅಂಗಡಿಯ ಜಾಣತನ. ಇಲ್ಲೂ ಅದನ್ನೇ ಮಾಡಿದರು. ಶ್ರೀನಿಧಿ ತಡವರಿಸಿದರೆ ಸಾಕು, "ನಾನ್ ಹೇಳ್ತೀನಿ ಬುಡಿ" ಎಂದು ತಾವೇ ಮುಗಿಸುತ್ತಿದ್ದರು. ನಮ್ಮೂರಿನ ಸಭ್ಯತೆ ಗೊತ್ತಲ್ಲ, ಹಿರಿಯರು ಉಪಕಾರ ಮಾಡುತ್ತಿದ್ದಾರೆಂದು ಎಲ್ಲರೂ ತಲೆದೂಗಿದರು. ನಡೆಸುವವರು ಬಾಯಿ ಹಾಕಬಾರದು, ಗುಂಪೇ ತಿದ್ದಬೇಕು ಎಂಬುದು ನಮ್ಮ ವೃತ್ತಿಯ ಪದ್ಧತಿ. ನಾನೂ ಕಾದೆ.

ಚಂದ್ರಶೇಖರಯ್ಯನವರು ಬಂದ ಐದನೆಯ ವಾರ ಶ್ರೀನಿಧಿ ತಾಯಿಯ ಸಾವಿನ ವಿಷಯ ಎತ್ತಿದ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. "ಅಮ್ಮ ತೀರ್ಕೊಂಡಾಗ ನಂಗೆ..." ಎಂದು ನಿಂತ. ಕುತ್ತಿಗೆಯ ನರ ಉಬ್ಬಿತು.

"ನೆಮ್ಮದಿ ಆಯ್ತು, ಅಷ್ಟೇ ತಾನೆ?" ಎಂದರು ಚಂದ್ರಶೇಖರಯ್ಯ. "ಕೆಳಗೆ ಎರಡು ವರ್ಷ ಮಲಗಿ ಕಲ್ತಿದ್ದೀನಿ. ಒಳಗೊಳಗೆ ಎಲ್ರಿಗೂ ಅಷ್ಟೇ ಕಣ್ರೀ."

ಇಬ್ಬರು ನಕ್ಕರು. ಶ್ರೀನಿಧಿ ಅವರ ಮುಖಗಳನ್ನು ನೋಡಿದ, ಎದ್ದ, ಮೆಟ್ಟಿಲಿಳಿದು ಹೋದ. ಹಿಂದೆಯೇ ಓಡಿದೆ, ಸಿಗಲಿಲ್ಲ. ಮರಳಿ ಬಂದಾಗ ಗುಂಪಿನಲ್ಲಿದ್ದ ನಿವೃತ್ತ ನರ್ಸ್ ಸಾವಿತ್ರಮ್ಮ ಮಾತಾಡುತ್ತಿದ್ದರು.

"ಹೆಂಡ್ತಿ ಒಂದು ಮಾತೂ ಹೇಳ್ದೆ ಹೋದ್ರು ಅಂತೀರಲ್ಲ ಸ್ವಾಮಿ, ಹೇಳೋಕೆ ನೀವು ಯಾವತ್ತು ಬಿಟ್ರಿ?"

ಎರಡು ವರ್ಷ ಮಂಚ ಚಂದ್ರಶೇಖರಯ್ಯನವರಿಗೆ ಹೇಳಿಕೊಡಲಾರದ್ದನ್ನು ಐದು ವಾರದ ಗುಂಪು ಕಪಾಳಕ್ಕೆ ಹೊಡೆದು ಕಲಿಸಿತು. ಕೆಳಗೆ ಅವರು ತಮ್ಮ ಕಥೆ ಹೇಳಿದ್ದರು, ಮೇಲೆ ಅದನ್ನೇ ಮಾಡಿ ತೋರಿಸಿದರು. ಮಾಡಿ ತೋರಿಸಬೇಕಾದರೆ ಎದುರಿಗೆ ಒಬ್ಬ ಬೇಕಲ್ಲ, ಅವನು ಶ್ರೀನಿಧಿಯಾಗಿದ್ದ.

ಆಮೇಲೆ ಅವರು ನಿಜಕ್ಕೂ ಬದಲಾದರು. ವರ್ಷದೊಳಗೆ ಹೆಂಡತಿ, ಮಗಳು ಮನೆಗೆ ಬಂದರು. ಆಕೆಯೇ ಫೋನ್ ಮಾಡಿ, "ಈಗ ನಾನು ಹೇಳಿ ಮುಗಿಸೋ ತನಕ ಕಾಯ್ತಾರೆ ಮೇಡಂ" ಎಂದು ಅತ್ತರು. ಡಾಕ್ಟರು ಭಜನೆಯ ಮಾತು ನಿಲ್ಲಿಸಿ, ಈ ಕೇಸನ್ನು ಎಲ್ಲ ಕಡೆ ಹೊಗಳತೊಡಗಿದರು.

ಶ್ರೀನಿಧಿಯ ಮನೆಗೆ ನಾನು ಎಷ್ಟೋ ಸಲ ಫೋನ್ ಮಾಡಿದೆ. ಪ್ರತಿ ಸಲ ಅವನ ಅಕ್ಕನೇ ಎತ್ತುತ್ತಿದ್ದರು. ಕೊನೆಯ ಸಲ ಹೇಳಿದರು: "ಕಾಲೇಜು ಬಿಟ್ಬುಟ್ಟ ಮೇಡಂ. ನಿಮ್ಮತ್ರ ಕಳಿಸೋಕೆ ಮುಂಚೆ ಅಷ್ಟೋ ಇಷ್ಟೋ ಮಾತಾಡ್ತಿದ್ದ. ಈಗ ನನ್ ಜೊತೇನೂ ಆಡಲ್ಲ. ಇನ್ಮೇಲೆ ಫೋನ್ ಮಾಡ್ಬೇಡಿ."

ಗ್ರೂಪ್ ಥೆರಪಿ ಬೇಗ ಗುಣ ಕೊಡುತ್ತದೆ, ಅಗ್ಗ ಕೂಡ ಎಂದು ಹೊಸ ಹುಡುಗರು ವಾದಿಸುವುದನ್ನು ಕೇಳಿದಾಗ ನನಗೆ ಮೈ ಉರಿಯುತ್ತದೆ. ಮಂಚದ ಚಿಕಿತ್ಸೆಯಲ್ಲಿ ರೋಗಿ ಕೊಡುವ ಪೆಟ್ಟನ್ನು ತಿನ್ನುವವರು ಡಾಕ್ಟರು, ಅವರಿಗೆ ಅದಕ್ಕೆ ತರಬೇತಿ ಇರುತ್ತದೆ. ಗುಂಪಿನಲ್ಲಿ ಅದನ್ನು ತಿನ್ನುವವನು ಪಕ್ಕದ ಕುರ್ಚಿಯ ರೋಗಿ. ಅವನು ಬಂದದ್ದೂ ಗುಣವಾಗಲೆಂದೇ.