ಹಳದಿ ಟ್ರ್ಯಾಕ್ಟರಿನ ಹಿಂಬದಿ

ದೇವರ ಹಿಪ್ಪರಗಿಯ ರಸ್ತೆ ಕೆಲಸದಲ್ಲಿ ಇಂದು ಹಳದಿ ಟ್ರ್ಯಾಕ್ಟರೊಂದನ್ನು ಕಂಡು, ನಮ್ಮ ಶಿವಪ್ಪ ಕಾಕಾನ ಘನಕಾರ್ಯ ನೆನಪಾಯಿತು.

ನಾನಾಗ ಶಾಲೆಗೆ ಹೋಗುತ್ತಿದ್ದೆ. ನಮ್ಮೂರು ಮೋರಟಗಿಯಲ್ಲಿ ಅದುವರೆಗೆ ಕಂಡ ಟ್ರ್ಯಾಕ್ಟರುಗಳೆಲ್ಲ ಕೆಂಪು. ಕಾಕಾ ಜೋಡೆತ್ತು ಮಾರಿ, ರಸ್ತೆ ಗುತ್ತಿಗೆದಾರನೊಬ್ಬನಿಂದ ಹಳದಿಯದನ್ನು ತಂದ. ಅಜ್ಜಿ ಭಕ್ತಿಯಿಂದ ಹಚ್ಚಿದ ಅರಿಷಿಣ ಅದರ ಮೈಮೇಲೆ ಕಾಣಲೇ ಇಲ್ಲ.

ಹಿಂಗಾರಿ ಜೋಳ ಬಿತ್ತುವ ದಿನ ಕೂರಿಗೆ ಜೋಡಿಸಲು ಹೋದರೆ, ಹಿಂಬದಿಯಲ್ಲಿ ಅದನ್ನು ಹಿಡಿದೆತ್ತುವ ತೋಳುಗಳೇ ಇಲ್ಲ! ಅದು ರಸ್ತೆಯ ಮಾದರಿ. ಟ್ರೇಲರ್ ಎಳೆಯಲು ಒಂದು ಕೊಂಡಿಯಷ್ಟೆ. ನುಣುಪು ಗಾಲಿಗಳು ಎರೆಮಣ್ಣಿನಲ್ಲಿ ನಿಂತಲ್ಲೇ ತಿರುಗಿದವು.

“ಹಿಂದ ನೋಡ್ಲಿಲ್ಲೇನೋ ಶಿವಪ್ಪಾ?” ಎಂದಳು ಅಜ್ಜಿ.

“ಎತ್ತಾಗಿದ್ರ ಹಲ್ಲು ನೋಡ್ತಿದ್ನಿ ಬೇ ಯವ್ವಾ. ಇದರದು ಬಣ್ಣ ನೋಡೀನಿ.”

ನೆಲದ ಹಸಿ ಆರುತ್ತಿತ್ತು. ಎತ್ತು ಕೊಂಡಿದ್ದ ಮೌಲಾಸಾಬರ ಬಾಗಿಲಿಗೇ ಕಾಕಾ ಹೋದ.

“ಒಯ್ಯೋ ಮಾರಾಯಾ. ಇವಕ್ಕ ಹಿಂದ ಮುಂದ ಎಲ್ಲಾ ಐತಿ,” ಎಂದು ಅವರು ನಕ್ಕು ಹಗ್ಗ ಕೊಟ್ಟರು.

ಬಿತ್ತನೆ ಮುಗಿಯಿತು. ನೊಗ ಬಿಚ್ಚಿದ್ದೇ ತಡ, ಎತ್ತುಗಳು ತಾವಾಗಿ ನಮ್ಮ ಮನೆಯ ಹಾದಿ ಹಿಡಿದವು. ಕಾಕಾ ಅಡ್ಡ ನಿಂತು, ಅವುಗಳ ಮುಖವನ್ನು ಮೌಲಾಸಾಬರ ಓಣಿಗೆ ತಿರುಗಿಸಿದ. ಮತ್ತೆ ನಮ್ಮತ್ತಲೇ ಹೊರಳಿದವು. ಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿ ಒಳಹೋಗಿ ಬಾಗಿಲು ಹಾಕಿಕೊಂಡಳು.

ಇಂದು ಚೇಷ್ಟೆಗೆಂದು ಕಾಕಾನಿಗೆ ಫೋನು ಮಾಡಿ, ಹಳದಿ ಟ್ರ್ಯಾಕ್ಟರು ಕಂಡೆನೆಂದೆ. ಆತ ನಗಲಿಲ್ಲ.

“ಎತ್ತು ಮರುದಿನಾನೂ ಬಂದಿದ್ವೋ. ನೀ ಸಾಲಿಗೆ ಹೋಗಿದ್ದಿ.”