ಕೇಳಿ ಹಾಕಿದ ಹಚ್ಚೆ

ಕಳೆದ ವಾರ ಪಕ್ಕದ ಮನೆಗೆ ಬಾಣಂತಿ ಬಂದಳು. ಕೂಸಿನ ಕಣ್ಣಿಗೆಂದು ಅವಳ ತಾಯಿ ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿಯುತ್ತಿದ್ದಳು. ತಟ್ಟೆ ಎತ್ತಿಕೊಡಲು ಹೋದ ನನ್ನ ಮೂಗಿಗೆ ಆ ಮಸಿಯ ವಾಸನೆ ಬಡಿಯಿತು. ಸುಟ್ಟ ಎಣ್ಣೆ, ಬಿಸಿ ಹಿತ್ತಾಳೆ, ಎಲ್ಲೋ ಒಂದಿಷ್ಟು ಅರೆದ ಸೊಪ್ಪು… ಸೊಪ್ಪು ಅಲ್ಲಿರಲಿಲ್ಲ, ಅದು ನನ್ನ ನೆನಪಿನದು. ತಟ್ಟೆ ಹಿಡಿದು ಹಾಗೇ ನಿಂತುಬಿಟ್ಟೆ.

“ಯಾಕವಾ, ಸುಡಾಕತ್ತೈತೇನು?” ಎಂದು ಆಕೆ ಕೇಳಿದಳು.

ಸುಡುತ್ತಿರಲಿಲ್ಲ. ಸಿರುಗುಪ್ಪದ ಹಚ್ಚೆಯಜ್ಜಿ ನೆನಪಾಗಿದ್ದಳು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಾನು ಟ್ಯಾಟೂ ಅಂಗಡಿ ಇಟ್ಟು ಆಗ ಎರಡು ವರ್ಷವಾಗಿತ್ತು. ಕೆಳಗೆ ಸೈಕಲ್ ರಿಪೇರಿ, ಮೇಲೆ ನಾನು. ನಮ್ಮದು ಬ್ರೂಸ್‌ಪೇಟೆಯಲ್ಲಿ ಮೂರು ತಲೆಮಾರಿನಿಂದ ಬೇಳೆಕಾಳು ವ್ಯಾಪಾರ ಮಾಡಿಕೊಂಡು ಬಂದ, ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರೂ ಹಾಕದ ಮನೆತನ. ಮಗಳು ಕಂಡಕಂಡವರ ಕೈಗೆ ಸೂಜಿ ಚುಚ್ಚುತ್ತಾಳೆಂದು ಅಪ್ಪ ಒಂದು ದಿನವೂ ಆ ಮೆಟ್ಟಿಲು ಹತ್ತಿರಲಿಲ್ಲ. ನನ್ನಲ್ಲಿಗೆ ಬರುತ್ತಿದ್ದವರೆಲ್ಲ ಕಾಲೇಜಿನ ವಯಸ್ಸಿನವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಉರ್ದು, ಕ್ಲಾಸಿನಲ್ಲಿ ಕನ್ನಡ. ತಾವು ಯಾರೆಂದು ಮೈಮೇಲೆ ಬರೆಸಿಕೊಳ್ಳುವ ಆಸೆ ಎಲ್ಲರಿಗೂ ಇತ್ತು. ತೋರಿಸುತ್ತಿದ್ದುದು ಮಾತ್ರ ಫೋನಿನಲ್ಲಿ ಸಿಕ್ಕ, ಯಾವುದೋ ದೂರದ ದ್ವೀಪದವರ ಚಿತ್ರ.

ಒಂದು ದಿನ ಸಿರುಗುಪ್ಪದ ಕಡೆಯ ರೈತರ ಮನೆಯ ಹುಡುಗಿಯೊಬ್ಬಳು ಬಂದಳು. ಬಳ್ಳಾರಿಯ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ತೀರಿಕೊಂಡ ಅವಳ ಅವ್ವನ, ಅಂದರೆ ಅಪ್ಪನ ತಾಯಿಯ, ಮುಂಗೈಯಲ್ಲಿದ್ದ ಹಚ್ಚೆ ಅವಳಿಗೆ ಬೇಕಿತ್ತು. ಕೈಯಲ್ಲಿದ್ದುದು ಒಂದೇ ಮಸುಕು ಫೋಟೊ. ಅರ್ಧ ಚಿತ್ರ ಸೆರಗಿನಡಿ ಹೋಗಿತ್ತು. ಮೂರು ಸಲ ಬರೆದು ತೋರಿಸಿದೆ. ಮೂರು ಸಲವೂ ತಲೆಯಾಡಿಸಿದಳು.

“ಚಂದ ಐತಿ ಅಕ್ಕಾ. ಆದ್ರ ನಮ್ಮ ಅವ್ವನ ಕೈ ಹಿಂಗಿರಲಿಲ್ಲ.”

ಆಮೇಲೆ ಅವಳೇ ಹೇಳಿದಳು, ಅದನ್ನು ಹಾಕಿದಾಕೆ ಸಿರುಗುಪ್ಪದಲ್ಲಿ ಇನ್ನೂ ಇದ್ದಾಳೆಂದು. ಮುಂದಿನ ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು.

ಊರಂಚಿನ ಓಣಿಯಲ್ಲಿ, ಬಾಗಿಲ ಮುಂದಿನ ಕಟ್ಟೆಯ ಮೇಲೆ ಕುಳಿತು ಅಜ್ಜಿ ಈಚಲು ಗರಿಯ ಕಸಬರಿಗೆ ಕಟ್ಟುತ್ತಿದ್ದಳು. ಕೊರವರ ಹೆಂಗಸು, ಬುಟ್ಟಿ ಹೊತ್ತು, ಸೂಜಿ ಪಿನ್ನು ಮಾರುತ್ತ ಊರೂರು ತಿರುಗಿ ಹಚ್ಚೆ ಹಾಕಿದವಳು. ಹಚ್ಚೆ ಕೇಳುವವರು ಇಲ್ಲವಾಗಿ ಎಷ್ಟೋ ವರ್ಷವಾಗಿತ್ತು. ಫೋಟೊವನ್ನು ಕಣ್ಣಿನ ಹತ್ತಿರ, ಆಮೇಲೆ ದೂರ ಹಿಡಿದು ನೋಡಿದಳು. ಬಾಗಿ ನೆಲದ ಮಣ್ಣಿನಲ್ಲಿ ಬೆರಳಾಡಿಸಿದಳು. ತೊಟ್ಟಿಲು ಮೂಡಿತು, ಅದರ ಕಾಲ ಹತ್ತಿರ ಎರಡು ಸಾಲು ಜೋಳದ ಕಾಳು.

“ಬಸುರಿದ್ಲು ಆಕಿ, ಚೊಚ್ಚಲ. ಕಾಳು ಬ್ಯಾಡ, ನೋವಾಗ್ತೈತಿ ಅಂದ್ಲು. ತೊಟ್ಲಾ ಒಂದ ಇದ್ರ ಕೂಸು ಉಪವಾಸ ಬೀಳ್ತೈತಲ್ಲವಾ ಅಂದೆ. ನಕ್ಕೊಂತ ಕೈ ಕೊಟ್ಲು.”

ಹುಡುಗಿ ಮಣ್ಣಿನ ಮೇಲಿನ ಆ ಗೆರೆಗಳನ್ನೇ ನೋಡುತ್ತ ಕೂತಳು. ಆ ಹೊಟ್ಟೆಯಲ್ಲಿದ್ದದ್ದು ಅವಳ ಅಪ್ಪ.

ಎಲ್ಲ ಚಿತ್ರಗಳನ್ನೂ ಕಲಿಸುವೆಯಾ ಎಂದು ನಾನು ಕೇಳಿದೆ. ಅಜ್ಜಿ ಒಳಗೆ ತಿರುಗಿ ಮೊಮ್ಮಗಳನ್ನು ಕರೆದಳು. ಹತ್ತೊಂಬತ್ತರ ಹುಡುಗಿ, ದುಪಟ್ಟಾ ಹುಬ್ಬಿನವರೆಗೂ ಎಳೆದುಕೊಂಡು ಬಂದಳು. ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆಂದು ಅಜ್ಜಿ ಹೇಳಿ, ತಾನೇ ಆ ದುಪಟ್ಟಾ ಸರಿಸಿದಳು. ಹಣೆಯ ನಡುವೆ ನೆಟ್ಟಗೆ ಒಂದು ಹಸಿರು ಗೆರೆ, ಗದ್ದದ ಮೇಲೆ ಮೂರು ಚುಕ್ಕಿ. ಅವರ ಮನೆಯ ಹೆಣ್ಣುಮಕ್ಕಳಿಗೆಲ್ಲ ಐದು ತುಂಬುವಾಗ ಹಾಕುತ್ತಿದ್ದ ಗುರುತು.

“ಹಾಕೋದು ಇರ್ಲಿ. ಇದನ್ನ ತೆಗಿಯಾಕ ಬರ್ತೈತೇನು ನಿನಗ?”

ಮೊಮ್ಮಗಳು ನೆಲ ನೋಡುತ್ತ ಹೇಳಿದಳು: “ಹಾಜರಿ ಕೂಗೋದ್ರಾಗ ನನ್ನ ಜಾತಿ ಎಲ್ಲಾರಿಗೂ ಗೊತ್ತಾಗಿರ್ತೈತಿ ಅಕ್ಕಾ. ಸೂಜಿ, ಪಿನ್ನು ಮಾರಾಕ ಬರ್ಲಿಲ್ಲೇನು ಅಂತಾರ. ರೋಗಿ ಸುದ್ದಾ ಮೊದ್ಲ ಹಣೀನ ನೋಡ್ತಾನ.”

ಪಕ್ಕದಲ್ಲಿ ನನ್ನೊಡನೆ ಬಂದವಳು, ಹಚ್ಚೆಗಾಗಿ ಆಗಲೇ ಮಡಚಿಕೊಂಡಿದ್ದ ಅಂಗಿಯ ತೋಳನ್ನು ಮೆಲ್ಲನೆ ಕೆಳಗಿಳಿಸಿದಳು. ಇಬ್ಬರದೂ ಒಂದೇ ವಯಸ್ಸು.

ತೆಗೆಯಲು ನನಗೆ ಬರುತ್ತಿರಲಿಲ್ಲ. ಬಳ್ಳಾರಿಯಲ್ಲಿ ನನಗೆ ಪರಿಚಯದ ಚರ್ಮದ ಡಾಕ್ಟರರೊಬ್ಬರಿದ್ದರು, ಲೇಸರ್ ಬೆಳಕಿನಿಂದ ಅಳಿಸುತ್ತಿದ್ದರು. ಒಂದೇ ಸಲಕ್ಕಾಗುವುದಿಲ್ಲ, ಹತ್ತಾರು ತಿಂಗಳು ಹಿಡಿಯುತ್ತದೆ ಎಂದೆ. ಅಜ್ಜಿ ಕಸಬರಿಗೆ ಕೆಳಗಿಟ್ಟಳು. “ಆಗ್ಲಿ. ಆಕಿ ಅಲ್ಲಿ ಕೂತಿರ್ತಾಳ, ನಾ ನಿನ್ನ ಅಂಗಡ್ಯಾಗ ಕೂತಿರ್ತೀನಿ.”

ಹಾಗೆಯೇ ನಡೆಯಿತು. ಒಂದೂವರೆ ತಿಂಗಳಿಗೊಮ್ಮೆ ಇಬ್ಬರೂ ಬರುತ್ತಿದ್ದರು. ಮೊಮ್ಮಗಳು ಆಸ್ಪತ್ರೆಗೆ, ಅಜ್ಜಿ ನನ್ನ ಮೆಟ್ಟಿಲು ಹತ್ತಿ ಮೇಲಕ್ಕೆ. ಮೊದಲ ದಿನವೇ ಗರಗದ ಸೊಪ್ಪಿನ ರಸದಲ್ಲಿ ಹರಳೆಣ್ಣೆ ಮಸಿ ಕಲಸಿ ಡಬ್ಬಿಯಲ್ಲಿ ತಂದಿದ್ದಳು. ಅದನ್ನು ಮೈಗೆ ಹಾಕುವಂತಿಲ್ಲ ಎಂದಾಗ ಸಿಟ್ಟಾಗಲಿಲ್ಲ. ಕಾಗದದ ಮೇಲಾದರೂ ಬರೆಯಬಹುದಲ್ಲ ಎಂದು ಕಡ್ಡಿ ಅದ್ದಿ ಬರೆದಳು. ಮೊದಲು ಆ ಹುಡುಗಿಗಾಗಿ ತೊಟ್ಟಿಲು, ಕಾಳು. ಆಮೇಲೆ ಚೇಳು, ಬಾಳೆಗೊನೆ, ಕಳಸ, ಬೆನ್ನಿಗೆ ಬೆನ್ನು ಕೊಟ್ಟು ನಿಂತ ನವಿಲುಗಳು. ನನ್ನ ಮಶೀನಿಗೆ ಜೀರುಂಡಿ ಎಂದು ಹೆಸರಿಟ್ಟಳು. ಬಂದವರ ಜೊತೆ ಅವರವರ ಭಾಷೆಯಲ್ಲೇ ಹರಟುತ್ತಿದ್ದಳು. ತೆಲುಗಿನವರ ಹತ್ತಿರ ತೆಲುಗು, ಉರ್ದುವಿನವರ ಹತ್ತಿರ ಉರ್ದು. ಮೊಮ್ಮಗಳ ಜೊತೆ ಮಾತ್ರ ಬೇರೊಂದು ಮಾತು. ತಮಿಳು ಅನ್ನಿಸಿ, ತಮಿಳಲ್ಲ ಎಂದೂ ಅನ್ನಿಸುತ್ತಿತ್ತು.

ಅಪ್ಪ ಮೆಟ್ಟಿಲು ಹತ್ತಿದ್ದು ಆ ದಿನಗಳಲ್ಲೇ. ಮನೆಯ ಬೀಗದ ಕೈ ಬೇಕಾಗಿ ಬಂದು ಬಾಗಿಲಲ್ಲೇ ನಿಂತಿದ್ದರು. ಅಜ್ಜಿ ಅವರ ಮುಖವನ್ನೇ ದಿಟ್ಟಿಸಿ, “ನಿಮ್ಮವ್ವ ಕುರುಗೋಡಿನಾಕಿ ಅಲ್ಲೇನ್ರೀ? ಎಡಗೈಮ್ಯಾಗ ಕಳಸ, ಅದರ ಮಗ್ಗಲಾಗ ಗಿಣಿ?” ಎಂದಳು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ನನ್ನ ಅಜ್ಜಿಯ ಕೈಯಲ್ಲಿ ಗಿಣಿಯಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ನಿಜಕ್ಕೂ ಇವಳೇ ಹಾಕಿದ್ದಳೋ, ಕುರುಗೋಡಿನ ಕೈಗಳಿಗೆಲ್ಲ ಅದೇ ಚಿತ್ರವೋ… ನಾನು ಕೇಳಲಿಲ್ಲ. ಅಪ್ಪ ಅಂದು ಚಹಾ ತರಿಸಿ, ಒಂದು ತಾಸು ತಮ್ಮ ಅವ್ವನ ಮಾತಾಡಿದರು. ಮುಂದೆ ಅಜ್ಜಿ ಬರುವ ದಿನ ಯಾವುದೆಂದು ಅವರೇ ಕೇಳುತ್ತಿದ್ದರು.

ಕೊನೆಯ ಸಲ ಆಸ್ಪತ್ರೆಯಿಂದ ಬಂದ ಮೊಮ್ಮಗಳ ಹಣೆಯಲ್ಲಾಗಲಿ ಗದ್ದದಲ್ಲಾಗಲಿ ಹಸಿರು ಇರಲಿಲ್ಲ. ಹಳೆಯ ಗಾಯ ಮಾಯ್ದಂತೆ ಒಂದು ತಿಳಿಬಣ್ಣ, ಅಷ್ಟೇ. ಅಜ್ಜಿ ಹೆಬ್ಬೆರಳಿನಿಂದ ಅದನ್ನು ಸವರಿದಳು. ಮೊಮ್ಮಗಳು ನೀರು ಕುಡಿಯಲು ಒಳಗೆ ಹೋದಾಗ, ನಿನಗೆ ಬೇಸರವಾಗಲಿಲ್ಲವೇ ಎಂದು ಕೇಳಿದೆ.

“ಊರ ಹೆಣ್ಣುಮಕ್ಕಳೆಲ್ಲಾ ತಾವಾಗಿ ಕೈ ಚಾಚಿದ್ರವಾ. ಏನು ಬೇಕು, ಎಲ್ಲಿ ಬೇಕು ಅಂತ ಕೇಳಿ ಹಾಕೀನಿ. ನನ್ನ ಮನೀ ಕೂಸನ್ನ ಮಾತ್ರ ನಾಕು ಮಂದಿ ಹಿಡಕೊಂಡ್ರು, ನಾ ಚುಚ್ಚಿದೆ. ಒದರಿದ್ಲು. ಆಕಿನ್ನ ಕೇಳಿರಲಿಲ್ಲ ನಾ.” ಸೆರಗಿನಿಂದ ಮೂಗು ಒರೆಸಿಕೊಂಡಳು.

ಕೋರ್ಸು ಮುಗಿದು ಕೆಲಸ ಸಿಕ್ಕ ಮೇಲೆ ಮೊಮ್ಮಗಳು ಅಜ್ಜಿಯನ್ನು ಕರೆದುಕೊಂಡು ಮತ್ತೆ ಬಂದಳು. ಪೇಡೆ ಕೊಡಲು ಬಂದಿದ್ದಾರೆ ಎಂದುಕೊಂಡೆ. ಅವಳು ಪೇಡೆ ಕೊಟ್ಟು, ಕುರ್ಚಿಯಲ್ಲಿ ಕೂತು, ಕುರ್ತಾದ ತೋಳನ್ನು ಭುಜದವರೆಗೆ ಸರಿಸಿದಳು. ಕೆಲಸದ ಅಂಗಿಯೊಳಗೆ ಕಾಣದ ಜಾಗ.

“ಇಲ್ಲಿ ಹಾಕು ಅಜ್ಜಿ. ಇದು ನಾ ತೋರಿಸಿದಾವ್ರಿಗೆ ಮಾತ್ರ ಕಾಣ್ಲಿ.”

ಅಜ್ಜಿ ಎದ್ದು ನಿಂತಳು, ಮತ್ತೆ ಕೂತಳು. ನಾನು ಪೆನ್ನು ಕೊಟ್ಟೆ. ಅವಳು ಬರೆಯಬೇಕು, ನಾನು ಅದರ ಮೇಲೆ ಮಶೀನು ಆಡಿಸಬೇಕು. ಪೆನ್ನು ತೋಳಿನ ಹತ್ತಿರ ಹೋಗಿ ನಿಂತಿತು.

“ಹಾಕ್ಲೇನವಾ?”

“ಹಾಕು.”

“ಏನು ಹಾಕ್ಲಿ?”

“ನಿನ್ನ ಕೈಮ್ಯಾಗ ಇರೋದು.”

ಅಜ್ಜಿಯ ಕೈಯಲ್ಲಿದ್ದದ್ದು ಬೆನ್ನಿಗೆ ಬೆನ್ನು ಕೊಟ್ಟ ಅವೇ ನವಿಲುಗಳು. ಬರೆಯುವಾಗ ಪೆನ್ನು ಜಾರಿ ಒಂದು ನವಿಲಿನ ಕುತ್ತಿಗೆ ಓರೆಯಾಯಿತು. ಸರಿಮಾಡಲೇ ಎಂದು ನಾನು ಹತ್ತಿ ಎತ್ತಿಕೊಂಡೆ. “ಬ್ಯಾಡ ಅಕ್ಕಾ, ಡೊಂಕ ಇರ್ಲಿ,” ಎಂದಳು ಮೊಮ್ಮಗಳು. ಡೊಂಕಾಗಿಯೇ ಹಾಕಿದೆ. ನನ್ನ ಕೈಯಿಂದ ಮೂಡಿದ ಹಚ್ಚೆಗಳಲ್ಲಿ ನನಗೆ ತೀರ ಮೆಚ್ಚಿನದು ಅದೇ.

ಅಜ್ಜಿ ಹೋಗಿ ಈಗ ಮೂರು ವರ್ಷ. ಸುದ್ದಿ ತಡವಾಗಿ ತಿಳಿಯಿತು. ನಾನೂ ಅಪ್ಪನೂ ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವಳು ಕೊಟ್ಟ ಚಿತ್ರಗಳು ನನ್ನ ಪುಸ್ತಕದಲ್ಲಿವೆ. ಕೌಲ್ ಬಜಾರಿನ ಮಕ್ಕಳು ಬಂದು ತಮ್ಮ ಊರಿನದು ಯಾವುದು, ಮನೆಯದು ಯಾವುದು ಎಂದು ಹುಡುಕುತ್ತಾರೆ, ಹಾಕಿಸಿಕೊಳ್ಳುತ್ತಾರೆ. ನಾನು ಬರೆದುಕೊಳ್ಳದೆ ಬಿಟ್ಟದ್ದು ಒಂದೇ. ನಾನು ಮಶೀನು ಆಡಿಸುವಾಗ ಬಂದವರ ಕೈ ಹಿಡಿದುಕೊಂಡು ಅಜ್ಜಿ ಸಣ್ಣ ದನಿಯಲ್ಲಿ, ತನ್ನ ಮನೆಮಾತಿನಲ್ಲಿ ಏನೋ ಹಾಡಿಕೊಳ್ಳುತ್ತಿದ್ದಳು, ನೋವು ಮರೆಯಲಿ ಎಂದು. ಮುಂದಿನ ಸಲ ಬರೆದುಕೊಂಡರಾಯಿತು ಎಂದು ನಾನು ಪ್ರತಿ ಸಲವೂ…

ಕಳೆದ ವಾರ ಆ ಕಾಡಿಗೆಯ ವಾಸನೆ ತಲೆಯಲ್ಲೇ ಉಳಿದು, ಸಂಜೆ ಮೊಮ್ಮಗಳಿಗೆ ಫೋನು ಮಾಡಿ ಆ ಹಾಡು ಕೇಳಿದೆ.

“ಸಣ್ಣ ಕೂಸಿಗೆ ಇಂಜೆಕ್ಷನ್ ಮಾಡುವಾಗ ತಾನ ಬಾಯಿಗೆ ಬರ್ತೈತಿ ಅಕ್ಕಾ. ಕೂಸು ಅಳೋದು ಬಿಟ್ಟು ನನ್ನ ಮುಖ ನೋಡ್ತೈತಿ. ಆದ್ರ ಧಾಟಿ ಅಷ್ಟ ಐತಿ ನನ್ನ ಹತ್ರ. ಹಾಡಿನ ಮಾತು ಬರಂಗಿಲ್ಲ.”

ಆಮೇಲೆ ಫೋನಿನಲ್ಲೇ ಅದನ್ನು ಗುನುಗಿದಳು. ನಾನು ಕಣ್ಣುಮುಚ್ಚಿ ಕೇಳಿದೆ. ಮಾತುಗಳು ಎಲ್ಲಿ ಇರಬೇಕಿತ್ತೋ ಅಲ್ಲೆಲ್ಲ ಅವಳು ಉಸಿರು ತೆಗೆದುಕೊಳ್ಳುತ್ತಿದ್ದಳು.